ಹತ್ತು ವರ್ಷ ಬಾಳುವ ಜೋಡಿಗೆ ಹನ್ನೊಂದು ಸೂತ್ರ

ತೋರಣಗಲ್ಲಿನಲ್ಲಿ ಬೂಟು ಎಂದರೆ ಮೊದಲು ಸೇಫ್ಟಿ ಶೂ. ಶಿಫ್ಟ್ ಬಿಡುವ ಹೊತ್ತಿಗೆ ಉಕ್ಕಿನ ಕಾರ್ಖಾನೆಯ ಗೇಟಿನ ಬಳಿ ನಿಂತರೆ, ಅದಿರಿನ ಕೆಂಪು ಧೂಳು ಹೊತ್ತ ಕಪ್ಪು ಬೂಟುಗಳೇ ಎಲ್ಲೆಲ್ಲೂ. ಈಗೀಗ ಇಲ್ಲಿನ ಯುವಕರಿಗೆ, ಯುವತಿಯರಿಗೆ ಎರಡನೆಯ ಜೋಡಿಯ ಮೇಲೆ ಮನಸ್ಸು ಹೋಗಿದೆ. ಹಳೇ ಕಾಲದ ಮಾದರಿಯ ಚರ್ಮದ ಬೂಟು ಬೇಕು, ರಂಧ್ರದ ಚಿತ್ತಾರದ ಬ್ರೋಗ್ ಬೇಕು, ಅಥಣಿಯ ಮೆಟ್ಟು ಬೇಕು. ಒಳ್ಳೆಯ ಆಸೆ. ಆದರೆ ದುಡ್ಡು ಹೊಳಪಿಗೂ ಹೆಸರಿಗೂ ಹೋಗುತ್ತದೆ, ಹೊಲಿಗೆಗೆ ಹೋಗುವುದಿಲ್ಲ. ಮೊದಲ ಮಳೆಗಾಲಕ್ಕೇ ಅಟ್ಟೆ ಬಾಯಿ ಬಿಡುತ್ತದೆ. ಬಿಚ್ಚಿ ಮತ್ತೆ ಹೊಲಿಯಲು ಬರುವ ಜೋಡಿಯನ್ನೇ ಕೊಳ್ಳಬೇಕು ಎನ್ನುವುದು ನನ್ನ ಖಚಿತ ನಂಬಿಕೆ. ಕೆಳಗಿನ ಸೂತ್ರಗಳೆಲ್ಲ ಅದರ ಸುತ್ತಲೇ ಇವೆ.

1. ಪಾದವನ್ನು ಸಂಜೆ ಅಳೆಯಿರಿ

ದಿನವಿಡೀ ನಿಂತ ಕಾಲು ಸಂಜೆಗೆ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯೆನಿಸಿದ ಬೂಟು ಸಂಜೆ ಕಚ್ಚುವುದು ಅದಕ್ಕೇ. ಹಾಕಿಕೊಳ್ಳುವ ಕಾಲುಚೀಲ ತೊಟ್ಟು ಹಾಳೆಯ ಮೇಲೆ ನಿಲ್ಲಿ, ಕುಳಿತು ಅಳೆಯಬೇಡಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆಸಿ. ಎರಡೂ ಪಾದ ಒಂದೇ ಅಳತೆಯಲ್ಲಿರುವುದು ಅಪರೂಪ. ದೊಡ್ಡದಕ್ಕೆ ಹೊಂದುವುದನ್ನೇ ಕೊಳ್ಳಿ.

ಮೂರು ಅಳತೆ ಬೇಕು: ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿಗೆ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗೆಣ್ಣಿಗೆ, ಮತ್ತು ಆ ಗೆಣ್ಣಿನ ಬಳಿಯ ಅಗಲ. ಅಮೆರಿಕದ ಚಾರ್ಲ್ಸ್ ಬ್ರಾನಾಕ್ 1920ರ ದಶಕದಲ್ಲಿ ರೂಪಿಸಿದ ಲೋಹದ ಅಳತೆಗೋಲು ಇಂದಿಗೂ ಈ ಮೂರನ್ನೇ ಅಳೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಬಿಟ್ಟುಹೋಗುವುದು ಎರಡನೆಯ ಅಳತೆ. ಬೂಟು ಮಡಿಯುವುದು ಆ ಗೆಣ್ಣಿನ ಜಾಗದಲ್ಲಿ. ಕಾಲು ಮಡಿಯುವ ಜಾಗವೂ ಬೂಟು ಮಡಿಯುವ ಜಾಗವೂ ಬೇರೆಯಾದರೆ ಉದ್ದ ಎಷ್ಟು ಸರಿಯಿದ್ದರೂ ನೋವು ತಪ್ಪದು.

2. ನಂಬರನ್ನು ನಂಬಬೇಡಿ, ಅಚ್ಚನ್ನು ವಿಚಾರಿಸಿ

ನಮ್ಮ ಅಂಗಡಿಯ ‘ಎಂಟು’ ಬ್ರಿಟಿಷರ ಲೆಕ್ಕದ್ದು. ಒಂದು ನಂಬರಿಗೂ ಮುಂದಿನ ನಂಬರಿಗೂ ಮೂರನೇ ಒಂದು ಇಂಚು, ಅಂದರೆ 8.46 ಮಿಲಿಮೀಟರ್ ವ್ಯತ್ಯಾಸ. ಯುರೋಪಿನ ಲೆಕ್ಕದಲ್ಲಿ ಅದು 6.67 ಮಿಲಿಮೀಟರ್. ಅಮೆರಿಕದ ಗಂಡಸರ ನಂಬರು ಬ್ರಿಟಿಷ್ ನಂಬರಿಗಿಂತ ಸುಮಾರು ಒಂದು ಹೆಚ್ಚು. ಆನ್‌ಲೈನ್‌ನಲ್ಲಿ ತರಿಸಿದ ಬೂಟು ದೊಡ್ಡದೋ ಚಿಕ್ಕದೋ ಆಗಲು ಇಷ್ಟೇ ಸಾಕು.

ಪಾದರಕ್ಷೆಯ ಆಕಾರ ಹುಟ್ಟುವುದು ಅದನ್ನು ಕಟ್ಟುವ ಪಾದದಾಕಾರದ ಅಚ್ಚಿನಲ್ಲಿ. ಒಂದೇ ನಂಬರಿನ ಎರಡು ಅಚ್ಚುಗಳ ಅಗಲ, ಏರು ಪೂರಾ ಬೇರೆ ಇರಬಹುದು. ನಮ್ಮ ಪಾದಗಳು ಮುಂದೆ ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಾಗ ಇದೇ ಕಂಡುಬಂತು. ಭಾರತೀಯರಿಗಾಗಿ ‘ಭಾ’ ಎಂಬ ಹೊಸ ಅಳತೆ ಪದ್ಧತಿ ಸಿದ್ಧವಾದದ್ದು ಆ ಸಮೀಕ್ಷೆಯಿಂದ. ಅಗಲ ಸಾಲದೆಂದು ಒಂದು ನಂಬರು ದೊಡ್ಡದು ಕೊಳ್ಳುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಹಾಗೆ ಕೊಂಡರೆ ಹಿಮ್ಮಡಿ ಜಾರುತ್ತದೆ, ಮಡಿಕೆ ತಪ್ಪಿದ ಜಾಗದಲ್ಲಿ ಬೀಳುತ್ತದೆ. ಅದೇ ನಂಬರಿನಲ್ಲಿ ಅಗಲದ ಅಚ್ಚು ಇದೆಯೇ ಎಂದು ಕೇಳಿ. ಇಲ್ಲವೆಂದರೆ ಬೇರೆ ಅಂಗಡಿ ನೋಡಿ.

3. ಅಗಲ ಬಿಟ್ಟುಕೊಡುತ್ತದೆ, ಉದ್ದ ಬಿಟ್ಟುಕೊಡುವುದಿಲ್ಲ

“ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ” ಎಂಬ ಅಂಗಡಿಯವರ ಮಾತು ಅರ್ಧ ನಿಜ. ಪಕ್ಕಗಳಲ್ಲಿ ತುಸು ಬಿಗಿಯಿದ್ದರೆ ಚರ್ಮ ಹಿಗ್ಗಿ ಕಾಲಿನ ರೂಪ ತಾಳುತ್ತದೆ. ಬೆರಳು ತುದಿಗೆ ತಾಗುತ್ತಿದ್ದರೆ ಎಷ್ಟು ವರ್ಷ ಹಾಕಿದರೂ ತಾಗುತ್ತಲೇ ಇರುತ್ತದೆ. ಹೊಸ ದಪ್ಪ ಅಟ್ಟೆಯ ಬೂಟಿನಲ್ಲಿ ಹಿಮ್ಮಡಿ ಕೊಂಚ ಮೇಲೇಳುವುದು ಸಹಜ. ಅಟ್ಟೆ ಬಾಗಲು ಕಲಿತ ಮೇಲೆ ನಿಲ್ಲುತ್ತದೆ.

4. ಬೂಟನ್ನು ತಿರುಗಿಸಿ ಅಟ್ಟೆ ನೋಡಿ

ಎಲ್ಲ ಸೂತ್ರಗಳಲ್ಲಿ ಇದೇ ಮುಖ್ಯ, ಇಲ್ಲಿ ಅವಸರ ಬೇಡ. ಅಟ್ಟೆ ಕೂಡಿಸುವ ದಾರಿ ಮುಖ್ಯವಾಗಿ ಮೂರು.

ಮೊದಲನೆಯದು ಅಂಟು. ಅಗ್ಗ, ಹಗುರ, ಆದರೆ ಬಳ್ಳಾರಿ ಸೀಮೆಯ ಬಿಸಿಲಿಗೆ ಅಂಟು ಸೋಲುತ್ತದೆ. ಎರಡನೆಯದು ಬ್ಲೇಕ್ ಹೊಲಿಗೆ. 1858ರಲ್ಲಿ ಅಮೆರಿಕದ ಲೈಮನ್ ಬ್ಲೇಕ್ ಪೇಟೆಂಟ್ ಪಡೆದ ಯಂತ್ರ ಒಳ ಅಟ್ಟೆಯಿಂದ ಹೊರ ಅಟ್ಟೆಗೆ ನೇರ ಹೊಲಿಯುತ್ತದೆ. ಒಳಗೆ ಕೈಯಾಡಿಸಿದರೆ ದಾರ ಬೆರಳಿಗೆ ಸಿಗುತ್ತದೆ. ನಾಜೂಕಾಗಿ ಕಾಣುತ್ತದೆ, ಆದರೆ ಮಳೆನೀರು ಆ ರಂಧ್ರಗಳಿಂದಲೇ ಏರುತ್ತದೆ. ಮೂರನೆಯದು ಗುಡ್‌ಇಯರ್ ವೆಲ್ಟ್. ರಬ್ಬರನ್ನು ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರನ ಮಗ, ಅದೇ ಹೆಸರಿನವನು, 19ನೇ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ತಂದ ಯಂತ್ರದ ಹೊಲಿಗೆ ಇದು. ಮೇಲ್ಚರ್ಮವನ್ನೂ ಒಳ ಅಟ್ಟೆಯನ್ನೂ ಒಂದು ಚರ್ಮದ ಪಟ್ಟಿಗೆ ಹೊಲಿಯುತ್ತಾರೆ. ಆ ಪಟ್ಟಿಗೆ ಹೊರ ಅಟ್ಟೆಯನ್ನು ಬೇರೆ ಹೊಲಿಗೆಯಿಂದ ಕೂಡಿಸುತ್ತಾರೆ. ನಡುವೆ ಬಿರಡೆಯ ತೆಳು ತುಂಬು ಇರುತ್ತದೆ, ಅದು ಹಾಕಿದವರ ಪಾದದ ಅಚ್ಚು ಹಿಡಿಯುತ್ತದೆ. ಅಟ್ಟೆ ಸವೆದರೆ ಹೊರ ಹೊಲಿಗೆಯನ್ನಷ್ಟೇ ಬಿಚ್ಚಿ ಹೊಸದು ಹಾಕಬಹುದು, ಮೇಲ್ಭಾಗಕ್ಕೆ ಧಕ್ಕೆಯಿಲ್ಲ.

ಮೋಸಕ್ಕೂ ಇಲ್ಲಿ ದಾರಿಯಿದೆ. ಅಂಟಿಸಿದ ಅಟ್ಟೆಯ ಅಂಚಿನಲ್ಲಿ ಹೊಲಿಗೆಯ ಹಾಗೆ ಕಾಣುವ ರಬ್ಬರಿನ ಅಚ್ಚು ಮೂಡಿಸಿರುತ್ತಾರೆ, ಇಲ್ಲವೇ ಬರಿ ಚಂದಕ್ಕೆ ದಾರ ಹಾಯಿಸಿರುತ್ತಾರೆ. ಮೇಲೆ ಕಂಡ ಹೊಲಿಗೆ ಕೆಳಗೆ ಅಟ್ಟೆಯ ತೋಡಿನಲ್ಲಿಯೂ ಹೊರಟಿದೆಯೇ ನೋಡಿ. ಕೆಲವು ಒಳ್ಳೆಯ ಬೂಟುಗಳಲ್ಲಿ ಆ ತೋಡನ್ನು ಮುಚ್ಚಿರುತ್ತಾರೆ. ಅನುಮಾನವಿದ್ದರೆ ಕೊಳ್ಳುವ ಮೊದಲು ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಕೈಹೊಲಿಗೆ ಬಲ್ಲ ಚಮ್ಮಾರರಿಗೆ ಅದರ ಫೋಟೋ ತೋರಿಸಿ. ಮುಂದೆ ಅದನ್ನು ಹೊಲಿದುಕೊಡಬೇಕಾದವರೂ ಅವರೇ.

5. ತೊಗಲಿನ ಅಂಚು ಓದಿ

‘ಜೆನ್ಯೂಯಿನ್ ಲೆದರ್’ ಎಂಬ ಮುದ್ರೆಯಿಂದ ಅದು ಚರ್ಮ ಎಂಬುದಷ್ಟೇ ತಿಳಿಯುತ್ತದೆ, ಎಂಥ ಚರ್ಮ ಎಂಬುದು ತಿಳಿಯುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ: ಮೇಲ್ಪದರ ಉಳಿದ ಚರ್ಮದಲ್ಲಿ ಸಣ್ಣ ಸುಕ್ಕುಗಳು ಹರಡುತ್ತವೆ, ಬಣ್ಣದ ಪೊರೆ ಬಳಿದದ್ದು ಪ್ಲಾಸ್ಟಿಕ್ಕಿನಂತೆ ಒಂದೇ ಮಡಿಕೆಯಾಗುತ್ತದೆ. ಕತ್ತರಿಸಿದ ಅಂಚಿನಲ್ಲಿ ಒಳತನಕ ಕಂದು ಬಣ್ಣವಿದ್ದರೆ ತೊಗಟೆಯಲ್ಲಿ ಹದ ಮಾಡಿದ್ದು. ನಡುವೆ ನೀಲಿಬೂದು ಗೆರೆ ಕಂಡರೆ ಕ್ರೋಮ್‌ನಲ್ಲಿ ಹದ ಮಾಡಿದ್ದು. ಎರಡೂ ಒಳ್ಳೆಯವೇ. ಮೊದಲನೆಯದು ಅಟ್ಟೆಗೆ, ಎರಡನೆಯದು ಮೇಲ್ಭಾಗಕ್ಕೆ ಹೆಚ್ಚು ಒಪ್ಪುತ್ತದೆ.

ತೊಗಟೆ ಹದದ ಕಥೆ ನಮ್ಮ ನೆಲಕ್ಕೆ ದೂರದ್ದಲ್ಲ. ಸಂಡೂರು, ಕಂಪ್ಲಿ ಕಡೆಯ ಒಣಭೂಮಿಯ ಬದುಗಳಲ್ಲಿ ಹಳದಿ ಹೂ ಬಿಡುವ ಆವರಿಕೆ ಗಿಡವನ್ನು ಎಲ್ಲರೂ ನೋಡಿದ್ದೇವೆ. ತಂಗಡಿ ಎಂದೂ ಕರೆಯುತ್ತಾರೆ. ಅದರ ತೊಗಟೆ ಮದರಾಸು ಪ್ರಾಂತ್ಯದ ಚರ್ಮ ಹದಗಾರರ ಜೀವಾಳವಾಗಿತ್ತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಅದೇ ಆಡಳಿತದಲ್ಲಿದ್ದ ಜಿಲ್ಲೆ. ಆ ತೊಗಟೆಯಲ್ಲಿ ಹದಗೊಂಡ ತೊಗಲು ‘ಈಸ್ಟ್ ಇಂಡಿಯಾ ಕಿಪ್ಸ್’ ಎಂಬ ಹೆಸರಿನಲ್ಲಿ ಹಡಗೇರಿ, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳ ಮೇಲ್ಭಾಗವಾಯಿತು. ಚರ್ಮ ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯ 12ನೇ ಶತಮಾನದ ಶರಣರಲ್ಲಿ ಒಬ್ಬರು. ಈ ಕಸುಬಿಗೆ ನಮ್ಮಲ್ಲಿ ಅಷ್ಟು ಹಳೆಯ ಗೌರವವಿದೆ. ಆ ಗೌರವ ಕಸುಬಿನವರಿಗೆ ದಕ್ಕದೆ ಹೋದದ್ದು ನಮ್ಮ ಸಮಾಜದ ತಪ್ಪು.

6. ಹಳೇ ಮಾದರಿಯಲ್ಲಿ ಕೆಲಸಕ್ಕೆ ಹುಟ್ಟಿದ ವಿವರ ಹುಡುಕಿ

ಅಮೆರಿಕದ ಮಿನೆಸೋಟದಲ್ಲಿ 1905ರಲ್ಲಿ ಆರಂಭವಾದ ರೆಡ್ ವಿಂಗ್ ಕಂಪನಿಯ ಒಂದು ಬೂಟಿನ ಹೆಸರು ‘ಐರನ್ ರೇಂಜರ್’. ಆ ರಾಜ್ಯದ ಕಬ್ಬಿಣದ ಅದಿರಿನ ಸೀಮೆಯ ಗಣಿಗಾರರಿಂದ ಬಂದ ಹೆಸರು. ಬೆರಳಿನ ಮೇಲೆ ಚರ್ಮ ಎರಡು ಪದರ. ಕಲ್ಲಿಗೆ ಒರಸಿ ಮೊದಲು ಹರಿಯುವುದು ಅದೇ ಜಾಗ. ಸಂಡೂರಿನ ಬೆಟ್ಟ, ದೋಣಿಮಲೈ ಗಣಿ ನೋಡಿದವರಿಗೆ ಆ ಎರಡು ಪದರದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಕೊಂಡಿಗಳು ಲೇಸನ್ನು ಬೇಗ ಬಿಚ್ಚಲು. ನಾಲಗೆಯ ಎರಡು ಪಕ್ಕದ ಮಡಿಕೆ ಧೂಳು, ನೀರು ತಡೆಯಲು. ಹೀಗೆ ಪ್ರತಿ ವಿವರಕ್ಕೂ ‘ಯಾತಕ್ಕೆ’ ಎಂದು ಕೇಳಿ. ಉತ್ತರವಿಲ್ಲದ ಬಕಲ್ಲು, ಜಿಪ್ಪು, ಗುಂಡಿಗಳಿಗೆ ದುಡ್ಡು ಕೊಡಬೇಡಿ.

7. ಗೇಟಿನ ಒಳಗೆ ಅದು ಬೇಡ

ಎರಡು ಪದರ ಚರ್ಮ ಉಕ್ಕಿನ ಟೋಪಿಯಲ್ಲ. ಕಾರ್ಖಾನೆಯಲ್ಲಿ ಐಎಸ್ 15298ರ ಎರಡನೇ ಭಾಗದ ಗುರುತಿರುವ ಸೇಫ್ಟಿ ಶೂ ಮಾತ್ರ. ಅದರ ಮುಂಭಾಗ 200 ಜೂಲ್ ಹೊಡೆತ ತಡೆಯಬೇಕು, ಅಂದರೆ ಸುಮಾರು 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ತಯಾರಾದ ತಿಂಗಳನ್ನೂ ನೋಡಿ. ಪಾಲಿಯುರೆಥೇನ್ ಅಟ್ಟೆ ಬಳಸದೆ ಇಟ್ಟರೂ ಗಾಳಿಯ ತೇವದಿಂದ ವರ್ಷಗಳಲ್ಲಿ ಪುಡಿಯಾಗುತ್ತದೆ. ರಿಯಾಯಿತಿ ಸಿಕ್ಕಿತೆಂದು ಮೂರು ಜೋಡಿ ಕಟ್ಟಿಡಬೇಡಿ.

8. ನಿಜವಾದ ಹಳೇ ಬೂಟು ಸಿಕ್ಕರೆ

ಬೆಂಗಳೂರಿನ ಭಾನುವಾರದ ಚೋರ್ ಬಜಾರಿನಲ್ಲೋ, ಯಾರದೋ ಅಟ್ಟದಲ್ಲೋ ಸೇನೆಯ ಹಳೇ ಬೂಟು ಸಿಗಬಹುದು. ಅಗಲ ಬಾಣದ ಗುರುತು ಬ್ರಿಟಿಷ್ ಸರ್ಕಾರಿ ಮಾಲಿನದು. ಬಾಣದ ಜೊತೆ ಇಂಗ್ಲಿಷಿನ ‘ಐ’ ಅಕ್ಷರವಿದ್ದರೆ ಬ್ರಿಟಿಷ್ ಭಾರತದ್ದು. ಇಸವಿ, ನಂಬರು ಅಟ್ಟೆಯ ಮೇಲೋ ಒಳಗೋ ಒತ್ತಿರುತ್ತದೆ. ಹಿಮ್ಮಡಿಯಲ್ಲಿ ಕಬ್ಬಿಣದ ಲಾಳ, ಅಟ್ಟೆಯಲ್ಲಿ ದಪ್ಪ ತಲೆಯ ಮೊಳೆಗಳಿದ್ದರೆ ಅದು ‘ಅಮ್ಯುನಿಷನ್ ಬೂಟು’.

ಹಾಕುವುದಕ್ಕೆ ಕೊಳ್ಳುವುದಾದರೆ ಗುರುತಿಗಿಂತ ಚರ್ಮ ಮುಖ್ಯ. ಸುಕ್ಕಿದ್ದರೆ ಚಿಂತೆಯಿಲ್ಲ, ಬಿರುಕಿದ್ದರೆ ಬಿಟ್ಟುಬಿಡಿ. ಒಣಗಿ ಸೀಳಿದ ಚರ್ಮವನ್ನು ಯಾವ ಎಣ್ಣೆಯೂ ಕೂಡಿಸದು. ಪಟ್ಟಿಯ ಹೊಲಿಗೆಯ ಬಳಿ ಬಾಗಿಸಿ ನೋಡಿ, ಮೊದಲು ಹರಿಯುವುದು ಅಲ್ಲೇ. ಒಳ ಅಟ್ಟೆಯಲ್ಲಿ ಹಿಂದಿನವರ ಪಾದ ಆಳವಾಗಿ ಮೂಡಿದ್ದರೆ ನಿಮ್ಮ ಕಾಲಿಗೆ ಅದು ಹೊಂದುವುದು ಕಷ್ಟ. ಮೊಳೆಯ ಬೂಟು ತೊಟ್ಟು ಹಂಪಿಗೆ ಹೋಗಬೇಡಿ. ನುಣುಪು ಬಂಡೆಯ ಮೇಲೆ ಜಾರುತ್ತದೆ, ಐದು ನೂರು ವರ್ಷದ ಕಲ್ಲುಹಾಸನ್ನೂ ಗೀರುತ್ತದೆ. ಲೇಸಿನ ಬೂಟೂ ಅಲ್ಲಿ ಅಷ್ಟೇನೂ ಸರಿಹೋಗದು. ವಿರೂಪಾಕ್ಷನ ಗುಡಿಯಲ್ಲಿ ಬಿಚ್ಚಬೇಕು, ಮತ್ತೆ ಕಟ್ಟಬೇಕು.

9. ಅಥಣಿಯಿಂದ ಕೊಳ್ಳಿ, ಚೌಕಾಶಿ ಬೇಡ

ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇಲ್ಲಿನವರ ಕಾಲನ್ನೂ ಗಮನಿಸಿದ. ಹೆಚ್ಚಿನ ಜನ ಬರಿಗಾಲಲ್ಲಿದ್ದರಂತೆ. ಮೆಟ್ಟಿದವರಲ್ಲಿ ಕೆಲವರದು ಚೂಪು ಮೂತಿಯ ಜೋಡು, ಕೆಲವರದು ಬರಿ ಅಟ್ಟೆಯ ಮೇಲೆ ಪಟ್ಟಿಗಳಿದ್ದದ್ದು. ಆ ಎರಡನೆಯದು ಅವನಿಗೆ ಹಳೇ ರೋಮನರ ಮೆಟ್ಟನ್ನು ನೆನಪಿಸಿತು. ಬರಿ ಅಟ್ಟೆ, ಮೇಲೆ ಪಟ್ಟಿ: ಇಂದಿಗೂ ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಹೊಲಿಯುವುದು ಇದೇ ಬಗೆಯದನ್ನು.

ಈ ಮೆಟ್ಟಿಗಿರುವ ‘ಕೊಲ್ಹಾಪುರಿ’ ಎಂಬ ಹೆಸರು ಕೇಳಿ ಅದು ಮಹಾರಾಷ್ಟ್ರದ್ದು ಮಾತ್ರ ಎಂದುಕೊಳ್ಳಬೇಡಿ. 2019ರಲ್ಲಿ ದೊರೆತ ಭೌಗೋಳಿಕ ಗುರುತು ಎಂಟು ಜಿಲ್ಲೆಗಳದು. ನಾಲ್ಕು ಅಲ್ಲಿನವು, ನಾಲ್ಕು ನಮ್ಮವು: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಇದೇ ಮಾದರಿಯನ್ನು ಮಿಲಾನಿನ ವೇದಿಕೆಯಲ್ಲಿ ತೋರಿಸಿ ಮೂಲದ ಹೆಸರು ಹೇಳದೆ ಹೋದಾಗ ದೊಡ್ಡ ಗಲಾಟೆಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಚರ್ಮೋದ್ಯಮದ ಸರ್ಕಾರಿ ನಿಗಮಗಳಾದ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಜೊತೆ ಪ್ರಾಡಾದ ಒಪ್ಪಂದವಾಯಿತು. ಎರಡು ಸಾವಿರ ಜೋಡಿ, ಒಂದೊಂದಕ್ಕೂ ಸುಮಾರು 800 ಯೂರೋ ಬೆಲೆ ಎಂದು ಸುದ್ದಿ. ಅಷ್ಟು ಬೆಲೆ ಬಾಳುವ ಕೈಗಳು ಒಂದು ರಾತ್ರಿಯ ಪ್ರಯಾಣದ ದೂರದಲ್ಲಿರುವಾಗ, ಅವರ ಮುಂದೆ ನಿಂತು ನೂರು ರೂಪಾಯಿಗೆ ಜಗ್ಗಾಡುವುದು ಸರಿಯಲ್ಲ.

ಅಸಲಿ ಗುರುತಿಸುವುದು ಹೀಗೆ: ಮೊಳೆಯಿಲ್ಲ, ಹೊಲಿಗೆ ಚರ್ಮದ ಎಳೆಯದು, ಅಟ್ಟೆ ಪದರಪದರವಾಗಿ ಕಾಣುತ್ತದೆ, ಪಕ್ಕದ ಕಿವಿಗಳು ಅಟ್ಟೆಯ ಪದರದೊಳಗೆ ಸೇರಿರುತ್ತವೆ. ಮೊದಲ ದಿನ ಬೆರಳಿನ ಉಂಗುರ ಬಿಗಿಯಾಗಿಯೇ ಇರಲಿ. ಸಡಿಲವಾಗಿದ್ದದ್ದನ್ನು ಕೊಂಡರೆ ಆರು ತಿಂಗಳಿಗೆ ಕಾಲಲ್ಲಿ ನಿಲ್ಲುವುದಿಲ್ಲ. ನೀರಿನಲ್ಲಿ ನೆನೆಸಬಾರದು, ಕಂಪ್ಲಿಯ ಗದ್ದೆಗೆ ಹಾಕಿಕೊಂಡು ಇಳಿಯಬಾರದು. 1976ರಲ್ಲಿ ಸ್ಥಾಪನೆಯಾದ ಲಿಡ್ಕರ್‌ನ ಮಳಿಗೆಗಳಲ್ಲೂ ವಿಚಾರಿಸಿ. ಸಾಧ್ಯವಾದರೆ ನೇರ ಊರಿಗೇ ಹೋಗಿ ಪಾದದ ಗೆರೆ ಕೊಟ್ಟು ಮಾಡಿಸಿ. ಮೊದಲ ಸೂತ್ರದ ಹಾಳೆ ಅಲ್ಲಿ ಕೆಲಸಕ್ಕೆ ಬರುತ್ತದೆ.

10. ಧೂಳು ಮೊದಲು, ಪಾಲಿಶ್ ಆಮೇಲೆ

ಅದಿರಿನ ಧೂಳು ಉಪ್ಪುಕಾಗದದಂತೆ ಉಜ್ಜುತ್ತದೆ. ಅದರ ಮೇಲೇ ಪಾಲಿಶ್ ತಿಕ್ಕಿದರೆ ಚರ್ಮವನ್ನೇ ತೇಯ್ದ ಹಾಗೆ. ಒಣ ಬ್ರಷ್, ಹಿಂಡಿದ ಒದ್ದೆ ಬಟ್ಟೆ, ಆರಿದ ಮೇಲೆ ಕ್ರೀಮು. ಮಳೆಯಲ್ಲಿ ನೆಂದರೆ ಬಿಸಿಲಿಗೆ ಇಡಬೇಡಿ, ಒಳಗೆ ದಿನಪತ್ರಿಕೆ ತುರುಕಿ ನೆರಳಿನಲ್ಲಿ ಪಕ್ಕಕ್ಕೆ ಮಲಗಿಸಿ. ಒಂದೇ ಜೋಡಿಯನ್ನು ಎರಡು ದಿನ ಸತತ ಹಾಕಬೇಡಿ, ಬೆವರು ಆರಲು ಒಂದು ದಿನ ಬೇಕು. ಅಥಣಿ ಮೆಟ್ಟಿಗೆ ಹರಳೆಣ್ಣೆ ತೆಳ್ಳಗೆ ಸವರುವುದು ಹಳೇ ಪದ್ಧತಿ, ಒಳ್ಳೆಯ ಪದ್ಧತಿ. ಪಾಲಿಶ್ ಹಾಕುವ ಬೂಟಿಗೆ ಅದು ಬೇಡ, ಬಣ್ಣ ಕಪ್ಪಾಗಿ ಚರ್ಮ ಜೋಲುತ್ತದೆ.

11. ತೂತಾಗುವ ಮೊದಲೇ ರಿಪೇರಿಗೆ ಕೊಡಿ

ಹಿಮ್ಮಡಿಯ ಕೊನೆಯ ರಬ್ಬರ್ ಪದರ ಸವೆದು ಅದರ ಮೇಲಿನ ಚರ್ಮದ ಪದರಗಳು ನೆಲ ಮುಟ್ಟುವ ಮೊದಲೇ ಬದಲಾಯಿಸಿದರೆ ಕೆಲಸ ಚಿಕ್ಕದು, ಕೂಲಿ ಕಡಿಮೆ. ಅಟ್ಟೆಯ ನಡುವೆ ಒತ್ತಿದಾಗ ಮೆತ್ತಗೆ ತಗ್ಗಿದರೆ ಸಮಯ ಬಂತೆಂದು ತಿಳಿಯಿರಿ. ಬಿರಡೆ ಹೊರಗೆ ಕಾಣುವ ತನಕ ನಡೆದರೆ ಒಳ ಅಟ್ಟೆಯೂ ಹೋಗುತ್ತದೆ. ಚಮ್ಮಾರರಿಗೆ ಕೊಡುವಾಗ ಎರಡು ಮಾತು ಸ್ಪಷ್ಟವಾಗಿ ಹೇಳಿ: ಪಟ್ಟಿಗೆ ಹಳೇ ರಂಧ್ರಗಳಲ್ಲೇ ಹೊಲಿಯಬೇಕು, ಮೊಳೆ ಹೊಡೆಯಬಾರದು. ಅವರು ಕೇಳಿದ ದಿನಗಳನ್ನು ಕೊಡಿ. ಕೈಯಲ್ಲಿ ಹೊಲಿಯಲು ಆರಿ, ಮೇಣ ಹಚ್ಚಿದ ದಾರ, ಹೊತ್ತು, ಮೂರೂ ಬೇಕು.