ಉರಗಗಳ ಮೈಗಾಪು ಮತ್ತು ರೈತರ ಎಚ್ಚರಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಸೀಮೆಗಳು ಉತ್ತರದ ಭೀಮೆಗೂ ದಕ್ಷಿಣದ ಕೃಷ್ಣೆಗೂ ನಡುವೆ ಹಬ್ಬಿರುವವು. ಇಲ್ಲಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬೆಳೆಯುವುದು. ಜೋಳವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು, ಇದು ಸೃಷ್ಟಿಕ್ರಮ. ಹಾವಿಗೂ ಹದ್ದು, ಮುಂಗುಸಿ, ನವಿಲುಗಳೆಂಬ ಶತ್ರುಗಳುಂಟು. ಆದಕಾರಣ ಉರಗಗಳಿಗೆ ನಾನಾ ಬಗೆಯ ಮೈಗಾಪುಗಳಿರುವವು. ಅವನ್ನು ಅರಿತ ರೈತನು ತನ್ನ ಪ್ರಾಣವನ್ನೂ ಬೆಳೆಯನ್ನೂ ಉಳಿಸಿಕೊಳ್ಳುವನು.

ಮೈಗವಚ: ಉರಗಗಳ ಹುರುಪೆಗಳು ನಮ್ಮ ಉಗುರಿನಂಥ ದ್ರವ್ಯದಿಂದಾದವು. ಮೊಸಳೆಯ ಬೆನ್ನಿನಲ್ಲಿ ಹುರುಪೆಯ ಕೆಳಗೆ ಎಲುಬಿನ ಬಿಲ್ಲೆಗಳೂ ಇರುವವು. ಆಮೆಯ ಚಿಪ್ಪು ಅದರ ಪಕ್ಕೆಲುಬು, ಬೆನ್ನೆಲುಬುಗಳೊಡನೆ ಕೂಡಿ ಬೆಳೆದುದು. ಅದನ್ನು ಬಿಟ್ಟು ಆಮೆ ಹೊರಬರಲಾರದು. ಹಲ್ಲಿಯು ಬಾಲವನ್ನು ಕಳಚಿ ಪಾರಾಗುವುದು. ಬಾಲ ಮತ್ತೆ ಬೆಳೆಯುವುದು. ಮಣ್ಣುಮುಕ್ಕ ಹಾವಿನ ಮೊಂಡುಬಾಲ ತಲೆಯಂತೆ ಕಾಣುವುದರಿಂದ ಶತ್ರುವು ಮೋಸಹೋಗುವನು. ಅದಕ್ಕೆ ಎರಡು ತಲೆಗಳಿಲ್ಲ, ವಿಷವೂ ಇಲ್ಲ. ಅದರಿಂದ ಧನಲಾಭವಾಗುವುದೆಂಬ ಮಾತು ವಂಚಕರದು.

ಎಚ್ಚರಿಕೆಯ ಗುರುತುಗಳು: ನಾಗರವು ಕುತ್ತಿಗೆಯ ಉದ್ದ ಪಕ್ಕೆಲುಬುಗಳನ್ನು ಹರಡಿ ಹೆಡೆಯೆತ್ತುವುದು. ಕೊಳಕುಮಂಡಲವು ತಿದಿಯೂದಿದಂತೆ ಬುಸುಗುಟ್ಟುವುದು. ಕಲ್ಲುಮಡ್ಡಿಯ ಸಣ್ಣ ಗರಗಸಮಂಡಲವು ಪಕ್ಕದ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಕರಕರ ಸದ್ದುಮಾಡುವುದು. ಇವೆಲ್ಲ "ದೂರ ಸರಿ" ಎಂಬ ಸೂಚನೆಗಳೇ ಹೊರತು ಬೆನ್ನಟ್ಟುವ ಹಗೆಯಲ್ಲ. ಆದರೆ ಕಪ್ಪುಮೈಗೆ ತೆಳುವಾದ ಬಿಳಿಪಟ್ಟೆಗಳುಳ್ಳ ಕಟ್ಟುಹಾವು ರಾತ್ರಿ ಸಂಚರಿಸುವುದು. ಅನೇಕ ವೇಳೆ ಸೂಚನೆ ಕೊಡದೆ ನಿದ್ರಿಸುವವರನ್ನು ಕಚ್ಚುವುದು. ನೋವು, ಬಾವು ತೋರದಿದ್ದರೂ ಉಸಿರು ನಿಲ್ಲುವ ಭಯವುಂಟು. ಕೇರೆಹಾವು ಕುತ್ತಿಗೆಯುಬ್ಬಿಸಿ ಹೆದರಿಸಿದರೂ ವಿಷರಹಿತವು. ಇಲಿ ತಿನ್ನುವ ಈ ಕೂಲಿಯಿಲ್ಲದ ಆಳನ್ನು ಕೊಲ್ಲುವುದು ಬೆಳೆಗೆ ನಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಾವುಗಳಿಗೆ ರಕ್ಷಣೆ ಕೊಟ್ಟಿದೆ.

ರೈತರು ಮಾಡತಕ್ಕದ್ದು: ಕಣಿಕೆಯ ಸೂಡನ್ನು ಎತ್ತುವ ಮೊದಲು ಕೋಲಿನಿಂದ ತಟ್ಟಬೇಕು. ಬಣವೆ, ಕುಳ್ಳುಗಳನ್ನು ಮನೆಯಿಂದ ದೂರವಿಡಬೇಕು. ಇರುಳಲ್ಲಿ ನೀರು ಹಾಯಿಸುವವರು ಕೆರವು ಮೆಟ್ಟಿ ಬೆಳಕು ಹಿಡಿಯಬೇಕು. ನೆಲದ ಮೇಲೆ ಮಲಗಬಾರದು. ಮಲಗುವಲ್ಲಿ ಸೊಳ್ಳೆಪರದೆ ಕಟ್ಟಬೇಕು.

ಕಚ್ಚಿದಲ್ಲಿ ಗಾಯವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರದವರಲ್ಲಿ ಹೊತ್ತುಗಳೆಯಬಾರದು. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗವನ್ನು ಅಲುಗದಂತಿರಿಸಿ, ರೋಗಿಯನ್ನು ನಡೆಸದೆ ಕೂಡಲೆ ಸರಕಾರಿ ದವಾಖಾನೆಗೆ ಒಯ್ಯಬೇಕು. ಮೇಲೆ ಹೇಳಿದ ನಾಲ್ಕು ವಿಷಸರ್ಪಗಳ ವಿಷಕ್ಕೂ ಒಂದೇ ಚುಚ್ಚುಮದ್ದು ಉಂಟು. ಹಾವನ್ನು ಹಿಡಿದೊಯ್ಯುವ ಅವಶ್ಯಕತೆಯಿಲ್ಲ.

ಕರ್ನಾಟಕ ಸರಕಾರವು 2024ರಲ್ಲಿ ಹಾವುಕಡಿತವನ್ನು ವರದಿಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ಗ್ರಾಮದ ಹಿರಿಯರು ದವಾಖಾನೆಯ ದಾರಿ, ವಾಹನಗಳನ್ನು ಸುಗ್ಗಿಗೆ ಮೊದಲೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿಡತಕ್ಕದ್ದು. ಹಾವಿನ ಸೂಚನೆಗೆ ಒಂದು ಹೆಜ್ಜೆ ಹಿಂದೆ ಸರಿಯುವುದು ಹೇಡಿತನವಲ್ಲ, ಜಾಣತನ.