ಎರೆಯಲ್ಲಿ ಗೂಟ ಹೊಡೆಯಬೇಡ, ತಮ್ಮಾ

ತಮ್ಮಾ, ಡಿಪ್ಲೊಮಾ ಮುಗಿಸಿ ಸೈಟಿಗೆ ಇಳಿದೆಯಂತೆ, ಕಂಟ್ರಾಕ್ಟರು ಹೊಸ ಆಟೋ ಲೆವೆಲ್ಲನ್ನು ನಿನ್ನ ಕೈಗೇ ಒಪ್ಪಿಸಿದ್ದಾರಂತೆ. ನಿಮ್ಮವ್ವ ಹೇಳಿದಳು. ಸಂತೋಷ. ಪೆಟ್ಟಿಗೆಯ ಕೊಂಡಿ ಬಿಚ್ಚುವ ಮೊದಲು ಒಂದು ಮಾತು ಕೇಳು. ಆ ಯಂತ್ರಕ್ಕೆ ಗೊತ್ತಿರುವುದು ಒಂದೇ ವಿದ್ಯೆ: ತಾನು ನಿಂತ ಎತ್ತರದಲ್ಲಿ ಸುತ್ತಲೂ ಒಂದು ಸಪಾಟಾದ ಗೆರೆ ಹಿಡಿಯುವುದು. ಪ್ಲಿಂತ್ ಎಷ್ಟು ಎತ್ತರ ಬೇಕು, ಬಾಗಿಲ ಹೊಸ್ತಿಲು ಎಲ್ಲಿ ಬರಬೇಕು, ಮೋರಿ ನೀರು ಯಾವ ಕಡೆ ಹೋಗಬೇಕು, ಇದೊಂದೂ ಅದಕ್ಕೆ ತಿಳಿಯದು. ಎಲ್ಲಿಂದ ಎಣಿಸಬೇಕು ಎಂದು ನೀನು ಹೇಳಬೇಕು. ನಮ್ಮ ಭಾಗದಲ್ಲಿ ಮಟ್ಟ ತಪ್ಪಿದ ಕಟ್ಟಡಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಯಂತ್ರ ಕೆಟ್ಟು ಹಾಳಾದವು ಕಡಿಮೆ. ಎಣಿಕೆ ಶುರು ಮಾಡಿದ ಜಾಗವೇ ಅಲುಗಾಡಿದ್ದರಿಂದ ಹಾಳಾದವೇ ಹೆಚ್ಚು.

ಮಳೆಗಾಲ ಬಂತೆಂದರೆ ನಾವೆಲ್ಲ ಪೇಪರು ಬಿಚ್ಚಿ ಮೊದಲು ನೋಡುವುದು ಡ್ಯಾಮಿನ ಮಟ್ಟ. ತುಂಗಭದ್ರಾ ಜಲಾಶಯ ತುಂಬಿದರೆ 1633 ಅಡಿ. ಮುನಿರಾಬಾದಿನ ಗೋಡೆ ಅಷ್ಟು ಎತ್ತರ ಇಲ್ಲವೆಂದು ಚಿಕ್ಕ ಹುಡುಗನಿಗೂ ಗೊತ್ತು. ಅದು ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ. ಕಡಲ ತೀರದಿಂದ ಹೊರಟ ಸರ್ವೆಯವರು ಸ್ಟಾಫ್ ಎಂಬ ಅಳತೆ ಕೋಲು ಹಿಡಿದು, ಓದಿ, ಬರೆದು, ಮುಂದೆ ಸರಿದು, ಮತ್ತೆ ಓದಿ, ಎತ್ತರವನ್ನು ನೂರಾರು ಮೈಲಿ ಕೈಯಿಂದ ಕೈಗೆ ದಾಟಿಸಿಕೊಂಡು ಬಂದದ್ದರ ಫಲ ಆ ಅಂಕಿ. ರೈಲ್ವೆ ಸ್ಟೇಷನ್ನಿನ ಹಳದಿ ಫಲಕದ ಕೆಳಗೆ ಸಣ್ಣದಾಗಿ ಬರೆದಿರುವ ಎತ್ತರವೂ ಅದೇ ಜಾತಿಯದು. 2025ರಲ್ಲಿ ಕುಷ್ಟಗಿಗೂ ರೈಲು ಬಂತಲ್ಲ, ಹೋದಾಗ ಆ ಫಲಕ ಓದು.

ಒಂದು ಮನೆ ಕಟ್ಟಲು ನಿನಗೆ ಸಮುದ್ರ ಬೇಕಾಗಿಲ್ಲ. ಹತ್ತಿರದ ಒಂದು ಗಟ್ಟಿ ಜಾಗ ಹಿಡಿದು ಅದಕ್ಕೆ 100.000 ಎಂದು ಹೆಸರಿಟ್ಟರೆ ಸಾಕು, ಅದೇ ನಿನ್ನ ಬೆಂಚ್ ಮಾರ್ಕ್. ಸೊನ್ನೆ ಎಂದು ಇಡಬೇಡ. ಪಾಯ ಅಗೆದ ಕೂಡಲೇ ಲೆಕ್ಕ ಮೈನಸ್ಸಿಗೆ ಇಳಿದು ಗೊಂದಲವಾಗುತ್ತದೆ. ಆದರೆ ಆ ಗಟ್ಟಿ ಜಾಗ ಯಾವುದು? ನಮ್ಮ ಜಿಲ್ಲೆಯಲ್ಲಿ ಕಷ್ಟ ಇರುವುದೇ ಇಲ್ಲಿ.

ಯಲಬುರ್ಗಾ, ಕುಕನೂರು, ಕುಷ್ಟಗಿ ಸೀಮೆಯ ಎರೆ ಮಣ್ಣು ನಿನಗೇನು ಹೊಸದಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಹಿಡಿದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರ ಜೊತೆ ಅದರಲ್ಲಿ ನೆಟ್ಟದ್ದೆಲ್ಲ ಏಳುತ್ತದೆ, ಇಳಿಯುತ್ತದೆ. ಆ ಕಡೆ ಒಂದು ಸೈಟಿನಲ್ಲಿ ಮೇ ತಿಂಗಳಲ್ಲಿ ಎರೆಯಲ್ಲಿ ಕಬ್ಬಿಣದ ಸರಳು ಬಡಿದು ಬೆಂಚ್ ಮಾರ್ಕ್ ಮಾಡಿದ್ದರು. ಒಂದು ಭಾಗದ ಪಾಯ ಮುಗಿಯಿತು, ಮಳೆಯಿಂದ ಕೆಲಸ ನಿಂತಿತು, ದಸರೆ ಕಳೆದು ಮತ್ತೆ ಶುರುವಾಯಿತು. ಎರಡನೆಯ ಭಾಗಕ್ಕೆ ಅದೇ ಸರಳಿನಿಂದ ಮಟ್ಟ ತೆಗೆದರು. ಎರಡು ಭಾಗ ಕೂಡುವ ಪಡಸಾಲೆಯಲ್ಲಿ ಬೆರಳಗಲದ ಮೆಟ್ಟಿಲು ಎದ್ದು ಕೂತಿತ್ತು. ಯಂತ್ರ ಸರಿ, ಓದಿದವನು ಸರಿ, ಲೆಕ್ಕವೂ ಸರಿ. ಸರಳು ಮಾತ್ರ ಎರೆಯ ಜೊತೆ ಮೇಲೆದ್ದಿತ್ತು. ಬೈಗುಳ ತಿಂದವನು ಗೌಂಡಿ.

ಎರೆ ನೆಲದಲ್ಲಿ ಹೀಗೆ ಮಾಡು. ಸೈಟಿನ ಹೊರಗೆ, ಲಾರಿ ತಿರುಗದ ಕಡೆ, ಗರಸು ಸಿಗುವವರೆಗೆ ಗುಂಡಿ ತೋಡು. ಒಂದು ಪಿವಿಸಿ ಪೈಪು ನಿಲ್ಲಿಸಿ, ಅದರೊಳಗೆ ಸರಳು ಇಳಿಸಿ, ಸರಳಿನ ಬುಡಕ್ಕೆ ಮಾತ್ರ ಗರಸಿನಲ್ಲಿ ಕಾಂಕ್ರೀಟ್ ಹಾಕು. ಮೇಲೆ ಪೈಪಿಗೂ ಸರಳಿಗೂ ನಡುವೆ ಖಾಲಿ ಬಿಡು. ಆಗ ಎರೆ ಉಬ್ಬಿದರೆ ಪೈಪನ್ನು ಹಿಡಿದು ಎತ್ತುತ್ತದೆ, ಸರಳನ್ನು ಮುಟ್ಟುವುದಿಲ್ಲ. ಅಷ್ಟೆಲ್ಲ ಖರ್ಚು ಬೇಡ ಎಂದು ಮಾಲೀಕರು ಗೊಣಗಿದರೆ ಹತ್ತಿರದ ಹಳೆಯ ಕಲ್ಲಿನ ಮೋರಿಯನ್ನೋ, ಗುಡಿಯ ಕಟ್ಟೆಯನ್ನೋ ನೋಡು. ಹತ್ತಾರು ಮಳೆಗಾಲ ಕಂಡು ಕುಂತ ಕಟ್ಟಡ ಇನ್ನು ಅಲುಗುವುದು ಕಡಿಮೆ.

ಗಂಗಾವತಿ ಕಡೆಯವರಿಗೆ ಬಂಡೆಗೆ ಬರವಿಲ್ಲ, ಹೌದು. ಅಲ್ಲೂ ಒಂದು ಮೋಸ ಇದೆ. ಬೆಟ್ಟದಿಂದ ಉರುಳಿ ಬಂದು ಮಣ್ಣಿನಲ್ಲಿ ಅರ್ಧ ಹೂತ ಗುಂಡುಕಲ್ಲು ನೋಡಲು ಬಂಡೆಯ ಹಾಗೇ ಇರುತ್ತದೆ. ಜೆಸಿಬಿ ಹತ್ತಿರ ಅಗೆದರೆ ಹೊರಳಿಕೊಳ್ಳುತ್ತದೆ. ನೆಲದೊಳಗೆ ಹಬ್ಬಿದ ಹಾಸುಬಂಡೆಯೇ ಬೇಕು. ಉಳಿಯಿಂದ ಅಡ್ಡ ಗುರುತು ಕೊರೆಸಿ, ಕೆಂಪು ಬಣ್ಣ ಬಳಿ. ಬಣ್ಣ ಮಾತ್ರ ಬಳಿದರೆ ಯಾರೋ ಇನ್ನೊಂದು ಕಡೆ ಬಳಿದು ಬಿಡುತ್ತಾರೆ. ಹೊಲದ ಬಾಂದುಕಲ್ಲನ್ನು ಕಾಯುವ ಹಾಗೆ ಅದನ್ನು ಕಾಯಬೇಕು. ಅದರ ಜೊತೆಗೆ ಇನ್ನೆರಡು ಗುರುತು ಬೇರೆ ಬೇರೆ ದಿಕ್ಕಿನಲ್ಲಿ ಮಾಡಿ, ವಾರಕ್ಕೊಮ್ಮೆ ಮೂರನ್ನೂ ಓದು. ಮೂರರಲ್ಲಿ ಒಂದು ಬೇರೆ ಮಾತಾಡಿದರೆ ಯಾವುದು ಸರಿದಿದೆ ಎಂದು ತಿಳಿಯುತ್ತದೆ. ಎರಡೇ ಇದ್ದರೆ ಜಗಳ ಬಗೆಹರಿಯುವುದಿಲ್ಲ.

ಇನ್ನು ಯಂತ್ರಕ್ಕೆ ಬರೋಣ. ನಾನು ಕಲಿತದ್ದು ಡಂಪಿ ಲೆವೆಲ್ಲಿನಲ್ಲಿ. 1832ರಲ್ಲಿ ವಿಲಿಯಂ ಗ್ರಾವಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಮಾಡಿದ್ದು. ಉದ್ದ ಗುಳ್ಳೆಯನ್ನು ನಡುವಿಗೆ ತರುವುದರಲ್ಲೇ ಅರ್ಧ ಬೆಳಗು ಹೋಗುತ್ತಿತ್ತು. 1950ರಲ್ಲಿ ಜರ್ಮನಿಯ ಝೈಸ್ ಕಂಪನಿ ಒಳಗೆ ತೂಗುವ ಗಾಜಿಟ್ಟು ತಾನೇ ಸಮ ಹಿಡಿಯುವ ಯಂತ್ರ ತಂದಿತು. ನಿನ್ನ ಆಟೋ ಲೆವೆಲ್ ಅದರ ಮೊಮ್ಮಗ. ದುಂಡು ಗುಳ್ಳೆ ನಡುವಿಗೆ ಬಂದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಆ ತೂಗುಗಾಜು ಎಲ್ಲೋ ಸಿಕ್ಕಿಕೊಂಡಿದ್ದರೆ? ಓದುವ ಮೊದಲು ಯಂತ್ರವನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ನೋಡು. ಗೆರೆ ಒಮ್ಮೆ ನಡುಗಿ ಮತ್ತೆ ಅದೇ ಅಂಕಿಗೆ ಬಂದು ನಿಂತರೆ ಅದು ಜೀವಂತ ಇದೆ.

ಬೈಕಿನ ಹಿಂದೆ ಕಟ್ಟಿಕೊಂಡು ನಮ್ಮ ಹಳ್ಳಿ ರಸ್ತೆಗಳಲ್ಲಿ ತಿರುಗಿದ ಯಂತ್ರವನ್ನು ಕಣ್ಣು ಮುಚ್ಚಿ ನಂಬಬೇಡ. ಪರೀಕ್ಷೆ ಸುಲಭ. 60 ಮೀಟರ್ ದೂರದಲ್ಲಿ ಎರಡು ಗುರುತು ಮಾಡು. ಯಂತ್ರವನ್ನು ಸರಿಯಾಗಿ ನಡುವೆ ಇಟ್ಟು ಎರಡನ್ನೂ ಓದು. ಒಂದು ಕಡೆ 1.450, ಇನ್ನೊಂದು ಕಡೆ 1.320 ಬಂತು ಎನ್ನು. ವ್ಯತ್ಯಾಸ 0.130. ಯಂತ್ರದ ಗೆರೆ ಓರೆಯಾಗಿದ್ದರೂ ಈ ವ್ಯತ್ಯಾಸ ನಿಜವೇ, ಏಕೆಂದರೆ ಎರಡೂ ಕಡೆ ದೂರ ಸಮ, ತಪ್ಪೂ ಸಮ. ಈಗ ಯಂತ್ರವನ್ನು ಮೊದಲ ಗುರುತಿನ ಪಕ್ಕಕ್ಕೇ ಒಯ್ದು ಇಡು. ಅಲ್ಲಿ 1.500 ಬಂದರೆ ದೂರದ್ದು 1.370 ಬರಬೇಕು. 1.376 ಬಂದರೆ 60 ಮೀಟರಿಗೆ 6 ಮಿ.ಮೀ. ಸುಳ್ಳು ಹೇಳುತ್ತಿದೆ ಎಂದು ಅರ್ಥ. ರಿಪೇರಿಗೆ ಕಳಿಸು, ಅಲ್ಲಿಯವರೆಗೆ ಹಿಂದಿನ ಓದಿಗೂ ಮುಂದಿನ ಓದಿಗೂ ದೂರ ಸಮ ಇಟ್ಟುಕೊಂಡು ಕೆಲಸ ಸಾಗಿಸು. ಯಂತ್ರ ಸರಿ ಇದ್ದಾಗಲೂ ಈ ಅಭ್ಯಾಸ ಬಿಡಬೇಡ.

ಸ್ಟಾಫ್ ಹಿಡಿಯುವ ಹುಡುಗನಿಗೆ ಕೆಲಸ ಕಲಿಸುವವರೇ ಇಲ್ಲ. ಕೂಲಿಗೆ ಬಂದವನ ಕೈಗೆ ಕೊಟ್ಟು ‘ಹಿಡ್ಕೊಂಡ್ ನಿಲ್ಲಪಾ’ ಎನ್ನುತ್ತಾರೆ, ಅಷ್ಟೆ. ಎರೆಯಲ್ಲಿ ಎರಡು ಹೆಜ್ಜೆ ಇಟ್ಟರೆ ಸ್ಟಾಫಿನ ಬುಡಕ್ಕೆ ಮಣ್ಣು ಮೆತ್ತುತ್ತದೆ, ಆ ಮಣ್ಣಿನ ದಪ್ಪ ನಿನ್ನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಪ್ರತಿ ಸಲ ಒರೆಸಬೇಕು. ಎಳೆದು ಉದ್ದ ಮಾಡುವ ಅಲ್ಯೂಮಿನಿಯಂ ಸ್ಟಾಫಿನಲ್ಲಿ ಗುಂಡಿ ‘ಟಕ್’ ಎಂದು ಕೂಡದಿದ್ದರೆ ಮೇಲಿನ ಓದೆಲ್ಲ ತಪ್ಪು. ನೆಟ್ಟಗೆ ಹಿಡಿದಿದ್ದಾನೋ ಇಲ್ಲವೋ ಎಂಬ ಅನುಮಾನ ಬಂದರೆ ನಿನ್ನ ಕಡೆಗೂ ಹಿಂದಕ್ಕೂ ನಿಧಾನ ತೂಗಿಸು ಎನ್ನು; ತೂಗುವಾಗ ಕಂಡ ಅತಿ ಕಡಿಮೆ ಅಂಕಿಯೇ ಸರಿಯಾದ ಅಂಕಿ.

ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಯೊಳಗೆ ಲೆವೆಲ್ ಕೆಲಸ ಮುಗಿಸು. ಆಮೇಲೆ ನೆಲದ ಝಳಕ್ಕೆ ಸ್ಟಾಫಿನ ಅಂಕಿಗಳು ಕುಣಿಯುತ್ತವೆ. ಬೇರೆ ದಾರಿ ಇಲ್ಲವೆಂದರೆ ದೂರ ಕಡಿಮೆ ಮಾಡು, ಸ್ಟಾಫಿನ ಕೆಳಗಿನ ಅರ್ಧ ಮೀಟರ್ ಓದಲು ಹೋಗಬೇಡ. ನೆಲಕ್ಕೆ ಹತ್ತಿರದ ಗಾಳಿಯೇ ಹೆಚ್ಚು ಕಾದಿರುತ್ತದೆ.

ಲೆಕ್ಕ ದೊಡ್ಡದೇನಲ್ಲ. ಬೆಂಚ್ ಮಾರ್ಕ್ 100.000, ಅದರ ಮೇಲೆ ಓದು 1.250, ಹಾಗಾದರೆ ಯಂತ್ರದ ಕಣ್ಣು 101.250ರಲ್ಲಿದೆ. ಪ್ಲಿಂತ್ 100.600 ಬೇಕೆಂದರೆ ಸ್ಟಾಫಿನಲ್ಲಿ 0.650 ಕಾಣುವವರೆಗೆ ಏರಿಸು, ಇಳಿಸು. ಸ್ಲ್ಯಾಬಿನ ಅಡಿಭಾಗ ನೋಡಬೇಕಾದರೆ ಸ್ಟಾಫನ್ನು ತಲೆಕೆಳಗು ಹಿಡಿಸಿ, ಓದನ್ನು ಕಳೆಯದೆ ಕೂಡಿಸು. ಕೆಲಸ ಮುಗಿದ ಮೇಲೆ ಬೆಂಚ್ ಮಾರ್ಕಿಗೆ ವಾಪಸ್ ಬಂದು ಮತ್ತೊಮ್ಮೆ ಓದು. ಬಹಳ ಜನ ಬಿಡುವುದು ಇದನ್ನೇ. ಊಟದ ಹೊತ್ತಾಯಿತು ಎನ್ನುತ್ತಾರೆ. ಬುಕ್ಕಿನಲ್ಲಿ ಬರೆದದ್ದನ್ನು ಅಳಿಸಬೇಡ, ಗೆರೆ ಎಳೆದು ಪಕ್ಕದಲ್ಲಿ ಬರೆ. ಅಳಿಸಿದ ಬುಕ್ಕನ್ನು ಆಮೇಲೆ ನೀನೇ ನಂಬುವುದಿಲ್ಲ.

ನಿನ್ನ ಯಂತ್ರ ನೋಡಿ ಹಿರಿಯ ಗೌಂಡಿ ನೀರಿನ ಪೈಪು ಸುತ್ತಿಟ್ಟು ದೂರ ನಿಂತರೆ ಹೋಗಿ ಮಾತಾಡಿಸು. ಪೈಪು ಕಡಿಮೆ ಸಾಮಾನಲ್ಲ. ಮೂಲೆ ತಿರುಗಿ ಒಳಗಿನ ಕೋಣೆಗೆ ಮಟ್ಟ ಒಯ್ಯುವುದು ನಿನ್ನ ಯಂತ್ರದಿಂದ ಆಗದು, ಗೋಡೆ ಅಡ್ಡ ಬರುತ್ತದೆ. ನೀರಿಗೆ ಗೋಡೆ ಅಡ್ಡವಲ್ಲ. ಪೈಪಿನೊಳಗೆ ಗಾಳಿ ಗುಳ್ಳೆ ಇರಬಾರದು, ಓದುವಾಗ ಎರಡೂ ತುದಿ ತೆರೆದಿರಬೇಕು, ಅರ್ಧ ಪೈಪು ಬಿಸಿಲಿಗೆ ಕಾದು ಅರ್ಧ ನೆರಳಲ್ಲಿ ಇರಬಾರದು. ಇಷ್ಟು ನೋಡಿಕೊಂಡರೆ ಅದು ನಿನಗೆ ಸರಿಸಮ. ‘ಸಾಹೇಬ್ರ, ನಮ್ ಪೈಪು ಬ್ಯಾರೆ ಹೇಳಾಕತ್ತೈತಿ ನೋಡ್ರಿ’ ಎಂದು ಗೌಂಡಿ ಬಂದರೆ ಸಿಟ್ಟಾಗಬೇಡ. ಎರಡನ್ನೂ ಮತ್ತೊಮ್ಮೆ ನೋಡು. ಕಾಂಕ್ರೀಟು ಬೀಳುವ ಮೊದಲು ಬಂದ ಆ ಮಾತಿಗೆ ಬೆಲೆ ಕಟ್ಟಲಾಗದು. ನಿನ್ನ ಯಂತ್ರ ಬರುವ ಮೊದಲೂ ಮಟ್ಟ ಹಿಡಿಯುವವರಿದ್ದರು: ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಎದ್ದದ್ದು, ದೂರದರ್ಶಕ ಹುಟ್ಟುವುದಕ್ಕೆ ಸುಮಾರು ಐದು ನೂರು ವರ್ಷ ಮೊದಲು. ಒಂದು ದಿನ ಹೋಗಿ ಅದರ ಅಧಿಷ್ಠಾನದ ಪಟ್ಟಿಕೆಗಳ ಮೇಲೆ ಕಣ್ಣು ಓಡಿಸಿ ಬಾ. ಆನೆಗೊಂದಿ ಸುತ್ತಿನ ವಿಜಯನಗರ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಪಂಪಿಲ್ಲದೆ ತಾನಾಗಿ ಗದ್ದೆಗೆ ಹರಿಯುತ್ತದೆ.

ಎತ್ತರ ಸರಿ ಇದ್ದರೆ ಸಾಲದು, ಮೂಲೆಯೂ ಸರಿ ಇರಬೇಕು. ಮೂವತ್ತು ನಲವತ್ತರ ಸೈಟು ನಮ್ಮಲ್ಲಿ ಊರೆಲ್ಲ ಇದೆ, ಅದರ ಕರ್ಣ ಸರಿಯಾಗಿ 50 ಅಡಿ. ಸುಣ್ಣ ಹಾಕುವ ಮೊದಲು ಎರಡೂ ಕರ್ಣ ಅಳೆ. ನಾಲ್ಕು ಬದಿ ಸರಿ ಇದ್ದೂ ಒಂದು ಕರ್ಣ 50, ಇನ್ನೊಂದು 49 ಚಿಲ್ಲರೆ ಬಂದರೆ ಟೇಪನ್ನೇ ಮೊದಲು ಅನುಮಾನಿಸು. ನಿಜವಾಗಿ ಓರೆಯಾಗಿದ್ದರೆ ಒಂದು ಹೆಚ್ಚಾಗಿ ಇನ್ನೊಂದು ಕಡಿಮೆ ಆಗಿರುತ್ತದೆ. ಇಳಿಜಾರು ನೆಲದಲ್ಲಿ ಟೇಪನ್ನು ನೆಲಕ್ಕೆ ಹಾಸಿ ಅಳೆಯಬೇಡ. ಸಮನಾಗಿ ಎಳೆದು ಹಿಡಿದು, ತುದಿಯಿಂದ ತೂಕದ ಗುಂಡು ಬಿಡು.

ಇನ್ನೊಂದು ಮಾತು ಹೇಳಿ ಬಿಡುತ್ತೇನೆ, ಇದನ್ನು ಕಾಲೇಜಿನಲ್ಲಿ ಹೇಳುವುದಿಲ್ಲ. ಪ್ಲಿಂತ್ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಮೇಲಿರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಆದರೆ ನಮ್ಮ ಊರುಗಳಲ್ಲಿ ನೆಲ ಒಂದೇ ಕಡೆ ನಿಲ್ಲುವುದಿಲ್ಲ. ಹಳೆಯ ರಸ್ತೆ ಕಿತ್ತುಹಾಕದೆ ಅದರ ಮೇಲೇ ಮತ್ತೊಂದು ಪದರ ಹಾಕುತ್ತಾರೆ. ಕೆಲವು ಓಣಿಗಳಲ್ಲಿ ಮೊದಲು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು, ಮಳೆ ನೀರೂ ಜೊತೆಗೇ ಇಳಿಯುತ್ತದೆ. ಆದ್ದರಿಂದ ಖಾಲಿ ಸೈಟಿನ ಮಣ್ಣಿನ ಮೇಲಿಂದ ಅಳೆಯದೆ, ರಸ್ತೆಯ ನಡುಬೆನ್ನಿನ ಮೇಲೆ ಸ್ಟಾಫ್ ಹಿಡಿಸಿ ಅಲ್ಲಿಂದ ಅಳೆ, ಮುಂದೆ ಬೀಳುವ ಪದರಗಳಿಗೂ ಜಾಗ ಬಿಡು. ಚರಂಡಿಯ ತಳವನ್ನೂ ಓದು. ಬಚ್ಚಲ ಪೈಪು ಅದಕ್ಕಿಂತ ಮೇಲೆ ಹೊರಬಂದು ಬೀಳುತ್ತದೆಯೋ ಇಲ್ಲವೋ ಪಾಯದ ದಿನವೇ ಗೊತ್ತಾಗಬೇಕು, ಟೈಲ್ಸ್ ಕೂಡಿಸುವ ದಿನ ಅಲ್ಲ. ಗಂಗಾವತಿ, ಕಾರಟಗಿಯ ಕಾಲುವೆ ಸೀಮೆಯಲ್ಲಿ ಇದರ ಜೊತೆಗೆ ಬಸಿನೀರು. ಗದ್ದೆಯನ್ನು ಸೈಟು ಮಾಡಿ ಮಾರಿದ ಕಡೆ ಕಾಲುವೆಗೆ ನೀರು ಬಿಟ್ಟಿರುವ ತಿಂಗಳಲ್ಲಿ ಹೋಗಿ ಮಟ್ಟ ತೆಗೆ. ಕಾಲುವೆ ಒಣಗಿದಾಗ ಎಲ್ಲ ಸೈಟೂ ಚೆಂದವೇ.

ಅದೇ ಸೀಮೆಯಲ್ಲಿ ರೈತರು ಟ್ರ್ಯಾಕ್ಟರಿಗೆ ಲೇಸರ್ ಕಟ್ಟಿ ಗದ್ದೆ ಸಪಾಟು ಮಾಡಿಸುವುದನ್ನು ನೋಡಿರುತ್ತೀ. ಕಟ್ಟಡಕ್ಕೂ ತಿರುಗುವ ಲೇಸರ್ ಬಂದಿದೆ, ಒಬ್ಬನೇ ಕೆಲಸ ಮಾಡಬಹುದು. ಕಂಟ್ರಾಕ್ಟರು ಕೊಂಡುಕೊಳ್ಳುವಂತಿದ್ದರೆ ಕೊಳ್ಳಲಿ. ರೈಸ್ ಮಿಲ್ಲಿನ ನೆಲದಂಥ ದೊಡ್ಡ ಕಾಂಕ್ರೀಟಿಗೆ ಬಹಳ ಅನುಕೂಲ. ಅದಕ್ಕೂ ಎಲ್ಲಿಂದ ಎಣಿಸಬೇಕೆಂದು ಹೇಳಬೇಕಾದವನು ನೀನೇ, ಅದೂ ಬೈಕಿನಿಂದ ಬಿದ್ದರೆ ಓರೆಯಾಗುತ್ತದೆ.

ಹಬ್ಬಕ್ಕೆ ಊರಿಗೆ ಬರುವಾಗ ಯಂತ್ರ ತರಲು ಕಂಟ್ರಾಕ್ಟರು ಒಪ್ಪಿದರೆ ತಾ. ನಮ್ಮ ಕಣದಲ್ಲಿ 60 ಮೀಟರ್ ಸರಾಗ ಸಿಗುತ್ತದೆ, ಪರೀಕ್ಷೆ ಮಾಡಿ ನೋಡೋಣ. ಸ್ಟಾಫ್ ನಾನು ಹಿಡಿಯುತ್ತೇನೆ.