ಮಂದ್ರಸ್ವರದ ಪೆಟ್ಟಿಗೆ: ಬಾಸ್ ಗಿಟಾರಿಗೆ ಕಿರಿದಾದ ಧ್ವನಿವರ್ಧಕದ ನಿರ್ಮಾಣ

ಸ್ವರವು ಮಂದ್ರಕ್ಕೆ ಇಳಿದಷ್ಟೂ ವಾದ್ಯದ ಒಡಲು ಹಿರಿದಾಗಬೇಕೆಂಬುದು ಸಂಗೀತ ವಾದ್ಯಗಳ ಪರಿಚಯವುಳ್ಳವರಿಗೆಲ್ಲ ತಿಳಿದ ವಿಷಯ. ಪಿಟೀಲನ್ನು ಭುಜದ ಮೇಲಿಟ್ಟು ನುಡಿಸಬಹುದು. ಅದರ ಬಳಗದ ಡಬಲ್ ಬಾಸ್ ವಾದ್ಯವಾದರೋ ಆಳೆತ್ತರವನ್ನು ಮೀರಿ ನಿಲ್ಲುತ್ತದೆ. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ಲಿಯೊ ಫೆಂಡರ್ ಎಂಬ ವಾದ್ಯ ತಯಾರಕನು 'ಪ್ರಿಸಿಷನ್ ಬಾಸ್' ಎಂಬ ವಿದ್ಯುತ್ ಬಾಸ್ ಗಿಟಾರನ್ನು ಹೊರತಂದಾಗ ಈ ನಿಯಮವೇ ಮುರಿದುಬಿದ್ದಂತೆ ತೋರಿತು. ಡಬಲ್ ಬಾಸಿನ ನಾಲ್ಕು ತಂತಿಗಳ ಶ್ರುತಿಯನ್ನೇ ಹೊಂದಿದ ಆ ವಾದ್ಯವನ್ನು ಕೊರಳಿಗೆ ತೂಗುಹಾಕಿಕೊಂಡು ನುಡಿಸಬಹುದಾಗಿತ್ತು. ಆದರೆ ನಿಯಮವು ಮುರಿದಿರಲಿಲ್ಲ; ವಾದ್ಯವನ್ನು ಬಿಟ್ಟು ಅದರ ಧ್ವನಿವರ್ಧಕದ ಪೆಟ್ಟಿಗೆಯನ್ನು ಸೇರಿತ್ತು, ಅಷ್ಟೆ. 1952ರಲ್ಲಿ ಅದೇ ಸಂಸ್ಥೆಯು ಬಾಸ್ ಗಿಟಾರಿಗೆಂದೇ 'ಬಾಸ್‌ಮನ್' ಎಂಬ ಆಂಪ್ಲಿಫೈಯರನ್ನು ತಯಾರಿಸಿತು. 1969ರಲ್ಲಿ ಆಂಪೆಗ್ ಸಂಸ್ಥೆಯು ಹೊರತಂದ 'ಎಸ್.ವಿ.ಟಿ.' ಎಂಬ ಆಂಪ್ಲಿಫೈಯರಿನ ಹಿರಿಯ ಪೆಟ್ಟಿಗೆಗಳಲ್ಲಿ ಹತ್ತು ಇಂಚಿನ ಧ್ವನಿವರ್ಧಕಗಳು ಒಂದೊಂದರಲ್ಲಿ ಎಂಟರಂತೆ ಇದ್ದವು.

ಅಂಥ ಪೆಟ್ಟಿಗೆಯನ್ನು ಹೊರಲು ಇಬ್ಬರು ಬೇಕು. ಒಬ್ಬನೇ ಎತ್ತಿಕೊಂಡು ಹೋಗಬಹುದಾದ ಕಿರಿಯ ಪೆಟ್ಟಿಗೆಯನ್ನು ಮನೆಯಲ್ಲಿಯೋ ಶಾಲೆಯ ಕರ್ಮಶಾಲೆಯಲ್ಲಿಯೋ ಮಾಡಿಕೊಳ್ಳುವುದು ಸಾಧ್ಯವೆ? ಸಾಧ್ಯ. ಆದರೆ ಕಿರಿದಾಗಿಸಿದುದಕ್ಕೆ ಏನನ್ನು ಬಿಟ್ಟುಕೊಡಬೇಕೆಂಬುದನ್ನು ಹಲಗೆಗೆ ಗರಗಸವಿಡುವ ಮೊದಲೇ ಲೆಕ್ಕ ಹಾಕಿ ತಿಳಿದಿರಬೇಕು. ಈ ಲೆಕ್ಕಕ್ಕೆ ಪ್ರೌಢಶಾಲೆಯ ಗಣಿತವೂ ಭೌತಶಾಸ್ತ್ರವೂ ಸಾಕಾಗುತ್ತವೆ.

ಪೆಟ್ಟಿಗೆಯ ಕೆಲಸವೇನು?

ತಂಬೂರಿಯ ಬುರುಡೆಯು ತಂತಿಯೊಡನೆ ತಾನೂ ಮಿಡಿದು ನಾದವನ್ನು ತುಂಬುತ್ತದೆ. ಧ್ವನಿವರ್ಧಕದ ಪೆಟ್ಟಿಗೆಯೂ ಹಾಗೆಯೇ ಹಾಡಬೇಕೆಂದು ಹಲವರು ಭಾವಿಸುವುದುಂಟು. ಇದು ತಪ್ಪು ಕಲ್ಪನೆ. ಪೆಟ್ಟಿಗೆಯ ಗೋಡೆಗಳು ಮೌನವಾಗಿರಬೇಕು. ಅವು ಮಿಡಿದರೆ ವಾದ್ಯದಲ್ಲಿಲ್ಲದ ಗುಂಯ್‌ಗುಡುವಿಕೆ ಸ್ವರಕ್ಕೆ ಸೇರಿಕೊಳ್ಳುತ್ತದೆ.

ಪೆಟ್ಟಿಗೆಯ ನಿಜವಾದ ಕೆಲಸ ಬೇರೆ. ಧ್ವನಿವರ್ಧಕದ ಕಾಗದದ ಶಂಕುವು ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಬಾಸ್ ಗಿಟಾರಿನ ಅತ್ಯಂತ ದಪ್ಪ ತಂತಿಯ ಆವರ್ತಾಂಕ ಸೆಕೆಂಡಿಗೆ 41.2, ಅಂದರೆ 41.2 ಹರ್ಟ್ಸ್. ಇದರ ತರಂಗಾಂತರ ಸುಮಾರು 8.3 ಮೀಟರುಗಳು. ಇಷ್ಟು ಉದ್ದದ ಅಲೆಯ ಎದುರಿಗೆ ಒಂದಡಿ ಅಗಲದ ಧ್ವನಿವರ್ಧಕ ಎಷ್ಟರದು! ಮುಂದಿನ ಒತ್ತಡವು ಅಂಚನ್ನು ಸುತ್ತಿಕೊಂಡು ಹಿಂದಿನ ವಿರಳತೆಯನ್ನು ಸೇರುತ್ತದೆ. ಎರಡೂ ಪರಸ್ಪರ ಅಳಿಸಿಹೋಗುತ್ತವೆ. ಬರಿಯ ಧ್ವನಿವರ್ಧಕವನ್ನು ಮೇಜಿನ ಮೇಲಿಟ್ಟು ನುಡಿಸಿದರೆ ದನಿ ಪೇಲವವಾಗಿ ಕೇಳುವುದು ಇದೇ ಕಾರಣದಿಂದ. ಈ ಎರಡು ಅಲೆಗಳನ್ನು ಬೇರ್ಪಡಿಸುವುದೇ ಪೆಟ್ಟಿಗೆಯ ಮೊದಲ ಕರ್ತವ್ಯ.

ಮೂರು ಬಯಕೆಗಳು, ಒಂದು ಕಟ್ಟಳೆ

ಪೆಟ್ಟಿಗೆ ಕಿರಿದಾಗಿರಬೇಕು, ಸ್ವರ ಆಳಕ್ಕಿಳಿಯಬೇಕು, ಕಡಿಮೆ ವಿದ್ಯುತ್ತಿನಲ್ಲಿ ದನಿ ದೊಡ್ಡದಾಗಿರಬೇಕು: ಈ ಮೂರು ಬಯಕೆಗಳಲ್ಲಿ ಎರಡನ್ನು ಪೂರೈಸಿಕೊಂಡರೆ ಮೂರನೆಯದನ್ನು ಬಿಡಲೇಬೇಕು. ಅಮೆರಿಕದಲ್ಲಿ 1957ರಲ್ಲಿ ಸ್ಥಾಪಿತವಾದ ಕೆ.ಎಲ್.ಎಚ್. ಎಂಬ ಧ್ವನಿವರ್ಧಕ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಹಾಫ್‌ಮನ್ನನ ಹೆಸರಿನಲ್ಲಿ ಇದು 'ಉಕ್ಕಿನ ಕಟ್ಟಳೆ' ಎಂದು ಪ್ರಸಿದ್ಧವಾಗಿದೆ. 1954ರಲ್ಲಿ ಎಡ್ಗರ್ ವಿಲ್ಚುರ್ ಎಂಬ ಸಂಶೋಧಕನು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೇ ಆಳವಾದ ಸ್ವರವನ್ನು ಹೊರಡಿಸಿ ತೋರಿಸಿದನು. ಆದರೆ ಅದನ್ನು ನುಡಿಸಲು ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಬೇಕಾಯಿತು. ಬೆಲೆ ತೆರುವ ಸ್ಥಳ ಬದಲಾಯಿತೇ ಹೊರತು ಬೆಲೆ ತಪ್ಪಲಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಆವರ್ತಾಂಕ ಅರ್ಧಕ್ಕಿಳಿದರೆ, ಅಷ್ಟೇ ದೊಡ್ಡ ದನಿ ಬರಬೇಕಾದಲ್ಲಿ ಶಂಕುವು ನಾಲ್ಕರಷ್ಟು ದೂರ ಚಲಿಸಬೇಕಾಗುತ್ತದೆ. ಶಂಕುವಿನ ಚಲನೆಗೆ ಮಿತಿಯುಂಟು. ಎಷ್ಟು ವ್ಯಾಟ್ ಎಂದು ಮಾತ್ರ ಕೇಳಿ ಧ್ವನಿವರ್ಧಕವನ್ನು ಕೊಳ್ಳುವವರು ಈ ಮಿತಿಯನ್ನು ಮರೆಯುತ್ತಾರೆ.

ಮುಚ್ಚಿದ ಪೆಟ್ಟಿಗೆಯ ಲೆಕ್ಕ

ಬಹುಕಾಲ ಪೆಟ್ಟಿಗೆಯ ಗಾತ್ರವನ್ನು ಅಂದಾಜಿನಿಂದಲೇ ನಿರ್ಧರಿಸಲಾಗುತ್ತಿತ್ತು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧವೂ, ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ಬರೆದ ಪ್ರಬಂಧಗಳೂ ಈ ವಿಷಯವನ್ನು ಗಣಿತದ ತಳಹದಿಯ ಮೇಲೆ ನಿಲ್ಲಿಸಿದವು. ಅಂದಿನಿಂದ ಒಳ್ಳೆಯ ತಯಾರಕರು ಧ್ವನಿವರ್ಧಕದೊಡನೆ ಮೂರು ಮುಖ್ಯ ಸಂಖ್ಯೆಗಳನ್ನು ಕೊಡುತ್ತಾರೆ: ಶಂಕುವಿನ ಸಹಜ ಆವರ್ತಾಂಕ, ಅದರ ಮಿಡಿತ ಎಷ್ಟು ಬೇಗ ಅಡಗುತ್ತದೆಂಬುದನ್ನು ತಿಳಿಸುವ ಒಟ್ಟು ಗುಣಾಂಕ, ಶಂಕುವಿನ ತೂಗುಪಟ್ಟಿಯ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ. ಈ ಮೂರೂ ತಿಳಿಯದಿದ್ದರೆ ಕೊಳ್ಳದಿರುವುದೇ ಲೇಸು.

ಉದಾಹರಣೆಗೆ ಹತ್ತು ಇಂಚಿನ ಒಂದು ಧ್ವನಿವರ್ಧಕದಲ್ಲಿ ಈ ಸಂಖ್ಯೆಗಳು ಕ್ರಮವಾಗಿ 45 ಹರ್ಟ್ಸ್, 0.40 ಮತ್ತು 70 ಲೀಟರ್ ಎಂದಿರಲಿ. ಇದನ್ನು 33 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರೆ, 70ನ್ನು 33ರಿಂದ ಭಾಗಿಸಿ, ಬಂದುದಕ್ಕೆ ಒಂದನ್ನು ಕೂಡಿಸಿ, ವರ್ಗಮೂಲ ತೆಗೆಯಬೇಕು. ಉತ್ತರ 1.77. ಇದರಿಂದ ಗುಣಾಂಕವನ್ನು ಗುಣಿಸಿದರೆ 0.71, ಇದು ಸ್ವರಗಳು ಏರುಪೇರಿಲ್ಲದೆ ಸಮವಾಗಿ ಕೇಳುವ ಹದ. ಅದೇ 1.77ರಿಂದ ಸಹಜ ಆವರ್ತಾಂಕವನ್ನು ಗುಣಿಸಿದರೆ ಸುಮಾರು 80 ಹರ್ಟ್ಸ್. ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ ಶಂಕುವನ್ನು ಬಿಗಿಗೊಳಿಸಿದುದರ ಫಲವಿದು. 80 ಹರ್ಟ್ಸಿನಲ್ಲಿ ಹೊರಬರುವ ಶಕ್ತಿ ಅರ್ಧಕ್ಕಿಳಿದಿರುತ್ತದೆ, 41.2 ಹರ್ಟ್ಸಿನಲ್ಲಿ ಸುಮಾರು ಹದಿನೈದನೆಯ ಒಂದು ಭಾಗವಷ್ಟೇ ಉಳಿಯುತ್ತದೆ.

ಹಾಗಿದ್ದರೂ ದಪ್ಪ ತಂತಿಯ ಸ್ವರ ಕೇಳದೆ ಹೋಗುವುದಿಲ್ಲ. ಮೀಟಿದ ತಂತಿಯಲ್ಲಿ ಮೂಲಸ್ವರದ ಜೊತೆಗೆ 82.4, 123.6 ಹರ್ಟ್ಸ್ ಮುಂತಾದ ಉಪಸ್ವರಗಳೂ ಇರುತ್ತವೆ. ಇವುಗಳನ್ನು ಕೇಳಿದ ಕಿವಿ, ಕ್ಷೀಣವಾದ ಮೂಲಸ್ವರವನ್ನು ತಾನೇ ಪೂರೈಸಿಕೊಳ್ಳುತ್ತದೆ. ಕಿರಿಯ ಪೆಟ್ಟಿಗೆಗಳೆಲ್ಲ ಕೇಳುಗನ ಕಿವಿಯ ಈ ಔದಾರ್ಯವನ್ನು ನಂಬಿಕೊಂಡಿವೆ. ಸ್ವರದ ಹೆಸರು ತಿಳಿಯುತ್ತದೆ. ಎದೆಗೆ ತಟ್ಟುವ ತೂಕ ಮಾತ್ರ ಕಡಿಮೆಯಾಗುತ್ತದೆ.

ನಳಿಗೆಯುಳ್ಳ ಪೆಟ್ಟಿಗೆ

ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಒಂದು ನಿಶ್ಚಿತ ಸ್ವರ ಹೊರಡುತ್ತದೆ. ಕತ್ತಿನಲ್ಲಿರುವ ಗಾಳಿಯು ತೂಕದ ಗುಂಡಿನಂತೆಯೂ, ಒಡಲಿನಲ್ಲಿರುವ ಗಾಳಿಯು ಸ್ಪ್ರಿಂಗಿನಂತೆಯೂ ವರ್ತಿಸಿ ಅನುರಣನ ಉಂಟಾಗುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ವಿವರವಾಗಿ ಅಭ್ಯಸಿಸಿದ ಈ ತತ್ತ್ವವನ್ನು ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಧ್ವನಿವರ್ಧಕದ ಪೆಟ್ಟಿಗೆಗೆ ಅಳವಡಿಸಿ 1932ರಲ್ಲಿ ಪೇಟೆಂಟ್ ಪಡೆದನು. ಪೆಟ್ಟಿಗೆಗೆ ಒಂದು ನಳಿಗೆಯನ್ನು ಜೋಡಿಸಿದರೆ, ಹಿಂದೆ ವ್ಯರ್ಥವಾಗುತ್ತಿದ್ದ ಅಲೆಯು ಮಂದ್ರದಲ್ಲಿ ಮುಂದಿನ ಅಲೆಗೆ ನೆರವಾಗುತ್ತದೆ.

ಮೇಲಿನ ಧ್ವನಿವರ್ಧಕವನ್ನೇ 75 ಲೀಟರಿನ ಪೆಟ್ಟಿಗೆಯಲ್ಲಿಟ್ಟು ನಳಿಗೆಯನ್ನು 43 ಹರ್ಟ್ಸಿಗೆ ಶ್ರುತಿ ಮಾಡಿದರೆ, ಸುಮಾರು 42 ಹರ್ಟ್ಸಿನವರೆಗೂ ಸ್ವರ ಇಳಿಯುತ್ತದೆ. ಆದರೆ ಅದು ಕಿರಿಯ ಪೆಟ್ಟಿಗೆಯಲ್ಲ. 45 ಲೀಟರಿನ ಪೆಟ್ಟಿಗೆಯನ್ನು 50 ಹರ್ಟ್ಸಿಗೆ ಶ್ರುತಿ ಮಾಡುವುದು ನಡುವಿನ ದಾರಿ. ಇದರಲ್ಲಿ ಅರ್ಧಶಕ್ತಿಯ ಮಟ್ಟ ಸುಮಾರು 50 ಹರ್ಟ್ಸಿನ ಸಮೀಪದಲ್ಲಿರುತ್ತದೆ, 41.2 ಹರ್ಟ್ಸಿನಲ್ಲಿ ಐದನೆಯ ಒಂದು ಭಾಗ ಉಳಿಯುತ್ತದೆ. ಮುಚ್ಚಿದ ಪೆಟ್ಟಿಗೆಗಿಂತ ಹನ್ನೆರಡು ಲೀಟರ್ ಹೆಚ್ಚಾದುದಕ್ಕೆ ಇದು ಒಳ್ಳೆಯ ಪ್ರತಿಫಲವೇ ಸರಿ.

ಇದಕ್ಕೂ ಒಂದು ಬೆಲೆಯುಂಟು. ಶ್ರುತಿ ಮಾಡಿದ ಆವರ್ತಾಂಕಕ್ಕಿಂತ ಕೆಳಗೆ ಪೆಟ್ಟಿಗೆಯ ಗಾಳಿ ಶಂಕುವನ್ನು ಹಿಡಿದಿಡಲಾರದು. ಶಂಕುವು ಹದ್ದು ಮೀರಿ ಚಲಿಸಿ ಹಾಳಾಗಬಹುದು. ಆದುದರಿಂದ ಆಂಪ್ಲಿಫೈಯರಿನಲ್ಲಿ ಮಂದ್ರದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಬಾರದು. ಐದು ತಂತಿಯ ಬಾಸ್ ಗಿಟಾರಿನ ಕೆಳಗಿನ ತಂತಿ 30.9 ಹರ್ಟ್ಸಿನದು. ಅದನ್ನು ಜೋರಾಗಿ ನುಡಿಸಲು ಈ ಪೆಟ್ಟಿಗೆ ತಕ್ಕುದಲ್ಲ.

ಕಟ್ಟುವ ಕ್ರಮ

18 ಮಿಲಿಮೀಟರ್ ದಪ್ಪದ ಒಳ್ಳೆಯ ದರ್ಜೆಯ ಪ್ಲೈವುಡ್ಡನ್ನು ಆರಿಸಬೇಕು. ಪೆಟ್ಟಿಗೆಯ ಒಳ ಅಳತೆ 36 ಸೆಂ.ಮೀ. ಅಗಲ, 46 ಸೆಂ.ಮೀ. ಎತ್ತರ, 30 ಸೆಂ.ಮೀ. ಆಳ, ಅಂದರೆ ಸುಮಾರು 50 ಲೀಟರ್. ಧ್ವನಿವರ್ಧಕದ ಹಿಂಭಾಗ, ನಳಿಗೆ ಮತ್ತು ಒಳಪಟ್ಟಿಗಳು ಆಕ್ರಮಿಸುವ ಜಾಗವನ್ನು ಕಳೆದರೆ ಸುಮಾರು 45 ಲೀಟರ್ ಉಳಿಯುತ್ತದೆ. ಇದಕ್ಕಾಗಿ ಮೇಲಿನ ಮತ್ತು ಕೆಳಗಿನ ಹಲಗೆಗಳನ್ನು 39.6 × 30, ಎರಡು ಪಕ್ಕದ ಹಲಗೆಗಳನ್ನು 46 × 30, ಮುಂದಿನ ಮತ್ತು ಹಿಂದಿನ ಹಲಗೆಗಳನ್ನು 39.6 × 49.6 ಸೆಂ.ಮೀ. ಅಳತೆಗೆ ಕತ್ತರಿಸಬೇಕು. ಎಂಟಡಿ ನಾಲ್ಕಡಿಯ ಅರ್ಧ ಹಲಗೆ ಧಾರಾಳವಾಗಿ ಸಾಕು. ಮರದ ತೂಕ ಹತ್ತು ಹನ್ನೊಂದು ಕಿಲೋಗ್ರಾಂ ಆದೀತು.

ನಳಿಗೆಗೆ 10 ಸೆಂ.ಮೀ. ಒಳವ್ಯಾಸದ ಪಿ.ವಿ.ಸಿ. ಕೊಳವೆ ಒದಗುತ್ತದೆ. ಅದರ ಉದ್ದವನ್ನು ಹೀಗೆ ಕಂಡುಕೊಳ್ಳಬೇಕು: ಸೆಂಟಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 23,560ರಿಂದ ಗುಣಿಸಿ, ಆವರ್ತಾಂಕದ ವರ್ಗ ಮತ್ತು ಲೀಟರಿನಲ್ಲಿರುವ ಗಾತ್ರ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. 10 ಸೆಂ.ಮೀ., 50 ಹರ್ಟ್ಸ್, 45 ಲೀಟರುಗಳಿಗೆ ಉತ್ತರ 20.9. ಕೊಳವೆಯ ತುದಿಗಳ ಹೊರಗಿನ ಗಾಳಿಯೂ ಸ್ವಲ್ಪ ಜೊತೆಗೂಡಿ ಚಲಿಸುವುದರಿಂದ ವ್ಯಾಸದ 0.73 ಭಾಗವನ್ನು ಇದರಲ್ಲಿ ಕಳೆಯಬೇಕು. ಉಳಿಯುವುದು 13.6 ಸೆಂ.ಮೀ.; ಮುಂದಿನ ಹಲಗೆಯ ದಪ್ಪವೂ ಇದರಲ್ಲಿ ಸೇರಿದೆ. ಮೊದಲು ಕೊಳವೆಯನ್ನು 15 ಸೆಂ.ಮೀ. ಇಟ್ಟುಕೊಂಡು, ಪರೀಕ್ಷಿಸುತ್ತಾ ಮೊಟಕುಗೊಳಿಸುವುದು ಜಾಣತನ. ಕಡಿದುದನ್ನು ಮತ್ತೆ ಬೆಳೆಸಲಾಗದು.

ಹಲಗೆಗಳ ಮೂಲೆಗಳು ಮೂಲೆಮಟ್ಟಕ್ಕೆ ಸರಿಯಾಗಿರಬೇಕು. ಕೂಡುವ ಅಂಚುಗಳಿಗೆ ಬಡಗಿಗಳು ಬಳಸುವ ಬಿಳಿಯ ಅಂಟನ್ನು ಧಾರಾಳವಾಗಿ ಹಚ್ಚಿ, ಒಳಮೂಲೆಗಳಲ್ಲಿ ಎರಡೂವರೆ ಸೆಂ.ಮೀ. ಚೌಕದ ಮರದ ಪಟ್ಟಿಗಳನ್ನಿಟ್ಟು ಸ್ಕ್ರೂಗಳಿಂದ ಬಿಗಿಯಬೇಕು. ಎರಡು ಪಕ್ಕಗಳ ನಡುವೆ ಒಂದು ಅಡ್ಡಪಟ್ಟಿಯನ್ನು ಕೊಟ್ಟರೆ ಗೋಡೆಗಳ ಮಿಡಿತ ಬಹುಮಟ್ಟಿಗೆ ಅಡಗುತ್ತದೆ. ಧ್ವನಿವರ್ಧಕದ ರಂಧ್ರವನ್ನು ತಯಾರಕರು ಕೊಟ್ಟ ಅಳತೆಗೇ ಕತ್ತರಿಸಿ, ಅಂಚಿಗೆ ಮೆತ್ತನೆಯ ಪಟ್ಟಿಯನ್ನು ಅಂಟಿಸಿ ಕೂರಿಸಬೇಕು. ಒಳಗೋಡೆಗಳಿಗೆ ದಿಂಬುಗಳಲ್ಲಿ ತುಂಬುವ ಪಾಲಿಯೆಸ್ಟರ್ ನಾರನ್ನು ತೆಳುವಾಗಿ ಹೊದಿಸುವುದು ಒಳ್ಳೆಯದು. ಅದು ನಳಿಗೆಯ ಒಳಬಾಯಿಯನ್ನು ಮುಚ್ಚಕೂಡದು. ಧ್ವನಿವರ್ಧಕದ ಓಮ್ ಸಂಖ್ಯೆ ಆಂಪ್ಲಿಫೈಯರ್ ತಾಳುವ ಕನಿಷ್ಠ ಸಂಖ್ಯೆಗಿಂತ ಕಡಿಮೆಯಿರಬಾರದು. 8 ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಅದು 4 ಓಮಿಗೆ ಇಳಿಯುತ್ತದೆ.

ಪರೀಕ್ಷೆ

ಕಟ್ಟಿ ಮುಗಿದೊಡನೆ ಕೆಲಸ ಮುಗಿಯಲಿಲ್ಲ. ಆಂಪ್ಲಿಫೈಯರಿನಿಂದ ಮೆಲುವಾದ ಮಂದ್ರಸ್ವರವನ್ನು ನುಡಿಸುತ್ತಾ ಊದುಬತ್ತಿಯನ್ನು ಸಂದುಗಳ ಬಳಿ ಹಿಡಿದರೆ, ಗಾಳಿ ಸೋರುವಲ್ಲಿ ಹೊಗೆಯ ಎಳೆ ಅಲುಗುತ್ತದೆ. ಅಲ್ಲಿಗೆ ಮತ್ತೆ ಅಂಟು ತುಂಬಬೇಕು.

ನಳಿಗೆಯ ಶ್ರುತಿಯನ್ನು ತಿಳಿಯಲು ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರೇ ಸಾಕು. ಸ್ವರವನ್ನು ಹುಟ್ಟಿಸಲು ಇಂದು ಮೊಬೈಲ್ ಫೋನೂ ಆಗಬಹುದು. ಆಂಪ್ಲಿಫೈಯರಿಗೂ ಧ್ವನಿವರ್ಧಕಕ್ಕೂ ನಡುವೆ 1000 ಓಮಿನ ನಿರೋಧಕವನ್ನಿಟ್ಟು, ಧ್ವನಿವರ್ಧಕದ ಎರಡು ತುದಿಗಳ ನಡುವಿನ ವೋಲ್ಟೇಜನ್ನು 20ರಿಂದ 120 ಹರ್ಟ್ಸಿನವರೆಗೆ ಅಳೆದು ನಕ್ಷೆ ಬರೆಯಬೇಕು. ನಕ್ಷೆಯಲ್ಲಿ ಎರಡು ಶಿಖರಗಳೂ ನಡುವೆ ಒಂದು ಕಣಿವೆಯೂ ಕಾಣುತ್ತವೆ. ಕಣಿವೆಯ ತಳವೇ ನಳಿಗೆಯ ಆವರ್ತಾಂಕ. ಅದು 50ಕ್ಕಿಂತ ಕೆಳಗಿದ್ದರೆ ಕೊಳವೆಯನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾ ಬರಬೇಕು. ಸ್ಪ್ರಿಂಗ್, ತೂಕ, ಅನುರಣನ ಎಂಬ ಮಾತುಗಳನ್ನು ಕರಿಹಲಗೆಯ ಮೇಲೆ ಮಾತ್ರ ಕಂಡ ವಿದ್ಯಾರ್ಥಿಗೆ, ತಾನು ಕತ್ತರಿಸಿದ ಒಂದು ಸೆಂಟಿಮೀಟರಿನಿಂದ ಕಣಿವೆ ಪಕ್ಕಕ್ಕೆ ಸರಿಯುವುದನ್ನು ಕಂಡಾಗ ಆ ಪಾಠ ಜೀವಮಾನಕ್ಕೆ ಉಳಿಯುತ್ತದೆ.

ಕರ್ಮಶಾಲೆ ಮತ್ತು ಕಾಯಕ

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಗಿಯೂ ವಚನಕಾರನಾಗಿದ್ದನು. ಮರಗೆಲಸವನ್ನೂ ಅರಿವನ್ನೂ ಬೇರೆಬೇರೆಯೆಂದು ಎಣಿಸದ ಆ ಪರಂಪರೆಯಲ್ಲಿ ನಡೆಯುವ ಶಾಲೆಗಳಿಗೆ, ಗಣಿತದ ತರಗತಿಯನ್ನೂ ಕರ್ಮಶಾಲೆಯನ್ನೂ ಕೂಡಿಸುವ ಇಂಥ ಕೆಲಸ ಹೊರಗಿನದೆನಿಸದು. ಇದಕ್ಕೆ ಬೇಕಾಗುವ ಉಪಕರಣಗಳೂ ದುಬಾರಿಯವಲ್ಲ: ಗರಗಸ, ಮೂಲೆಮಟ್ಟ, ಮಲ್ಟಿಮೀಟರ್, ಅರ್ಧ ಹಲಗೆ ಪ್ಲೈವುಡ್, ಗುಣಸಂಖ್ಯೆಗಳು ತಿಳಿದ ಒಂದು ಧ್ವನಿವರ್ಧಕ, ಮತ್ತು ಆಸಕ್ತಿಯುಳ್ಳ ಒಬ್ಬ ಉಪಾಧ್ಯಾಯ.

ಸಿದ್ಧವಾದ ಪೆಟ್ಟಿಗೆಯು ದೊಡ್ಡ ಬಯಲಿನ ಸಭೆಗೆ ಸಾಲದು. ಕೋಣೆಯ ಅಭ್ಯಾಸಕ್ಕೆ, ಸಣ್ಣ ಸಭಾಂಗಣದ ಕಾರ್ಯಕ್ರಮಕ್ಕೆ, ನಾಲ್ಕಾರು ವಾದ್ಯಗಳ ಮೇಳಕ್ಕೆ ಅದು ತಕ್ಕುದಾಗಿರುತ್ತದೆ. ಅದರ ಮಿತಿಯನ್ನು ಕಟ್ಟಿದವರು ಮೊದಲೇ ಅಳೆದು ಬಲ್ಲರು. ಆ ಮಿತಿಯನ್ನು ಸಂಖ್ಯೆಗಳ ಸಹಿತ ಪೆಟ್ಟಿಗೆಯ ಹಿಂಬದಿಯಲ್ಲಿ ಬರೆದಿಡುವುದು ಮುಂದೆ ಅದನ್ನು ಬಳಸುವವರಿಗೆ ಮಾಡುವ ಉಪಕಾರ: ಗಾತ್ರ 45 ಲೀಟರ್, ಶ್ರುತಿ 50 ಹರ್ಟ್ಸ್, 8 ಓಮ್, ಕಟ್ಟಿದ ವರ್ಷ.